ಹಳೇ ಫೋಟೊ ರಿಪೇರಿ: ದೋಷ ಕಾಗದದ್ದಾ, ಸ್ಕ್ಯಾನ್‌ದಾ, ನಮ್ಮ ಕೈದಾ?

ಮಲೆನಾಡಿನ ಮನೆಗಳಲ್ಲಿ ಹಳೇ ಫೋಟೊ ಹಾಳಾಗದೆ ಉಳಿಯುವುದೇ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯೂ ಆರಿದ್ರಾ ಮಳೆ ಹಿಡಿಯಿತು ಅಂದರೆ ಗೋಡೆಗಳು ತಿಂಗಳುಗಟ್ಟಲೆ ಒಣಗುವುದಿಲ್ಲ. ಆ ಗೋಡೆಗೆ ಒತ್ತಿ ನೇತುಹಾಕಿದ ಫೋಟೊ ತೇವ ಕುಡಿಯುತ್ತಲೇ ಇರುತ್ತದೆ. ಫೋಟೊ ಕಾಗದದ ಮೇಲೆ ಚಿತ್ರವನ್ನು ಹಿಡಿದು ನಿಲ್ಲಿಸಿರುವುದು ಜೆಲಾಟಿನ್ ಎಂಬ ತೆಳು ಪದರ. ಅದನ್ನು ಪ್ರಾಣಿಗಳ ಮೂಳೆ, ಚರ್ಮದಿಂದ ತಯಾರಿಸುತ್ತಾರೆ. ತೇವ ಸಿಕ್ಕರೆ ಅದು ಉಬ್ಬುತ್ತದೆ, ಗಾಜಿಗೆ ಅಂಟಿಕೊಳ್ಳುತ್ತದೆ. ಬೂಷ್ಟಿಗೂ ಹುಳಕ್ಕೂ ಅದೇ ಆಹಾರ.

ಇಷ್ಟೆಲ್ಲ ಆದ ಮೇಲೂ ಆ ಫೋಟೊವನ್ನು ಬಿಡುವ ಹಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿದಾಗ ಎಷ್ಟೋ ಕುಟುಂಬಗಳು ಊರು ಬಿಟ್ಟು ಬಂದವು. ಅಂಥ ಮನೆಗಳಲ್ಲಿ ಹಳೇ ಜಗಲಿ, ಅಂಗಳ, ಕೊಟ್ಟಿಗೆ ನೋಡಬೇಕು ಅಂದರೆ ಇರುವುದು ಒಂದೋ ಎರಡೋ ಫೋಟೊ ಮಾತ್ರ. ಹಾಗಾಗಿ ಅದನ್ನು ಸರಿಮಾಡಲು ಕೂರುವವರು ಸ್ವಲ್ಪ ನಿಧಾನ ಮಾಡಬೇಕು ಅನ್ನುವುದು ನನ್ನ ಮಾತು.

ಹೊಸಬರು ಕೇಳುವ ಮೊದಲ ಪ್ರಶ್ನೆ ‘ಯಾವ ಟೂಲ್ ಬಳಸಬೇಕು?’ ಅಂತ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಸ್ಕ್ರೀನಿನಲ್ಲಿ ಕಾಣುತ್ತಿರುವ ಈ ದೋಷ ಕಾಗದದಲ್ಲೇ ಇದೆಯಾ? ಸ್ಕ್ಯಾನ್ ಮಾಡುವಾಗ ಬಂತಾ? ಅಥವಾ ಎಡಿಟ್ ಮಾಡುವಾಗ ನಾವೇ ತಂದದ್ದಾ? ಇದು ಗೊತ್ತಾಗದೆ ಸಾಫ್ಟ್‌ವೇರಿನ ಬ್ರಷ್ ಹಿಡಿದರೆ, ಸ್ಕ್ಯಾನರ್ ಗಾಜು ಒರೆಸಿದ್ದರೆ ಹೋಗುತ್ತಿದ್ದ ಧೂಳಿಗೆ ಒಂದು ಸಂಜೆ ಪೂರ್ತಿ ಕಳೆಯಬೇಕಾಗುತ್ತದೆ.

ನಾನು ಇಲ್ಲಿ ಫೋಟೊ ತಿದ್ದುವ ಜಿಂಪ್ ಅನ್ನುವ ಸಾಫ್ಟ್‌ವೇರಿನ ಹೆಸರುಗಳನ್ನೇ ಬಳಸುತ್ತೇನೆ. ಅದು ಪುಕ್ಕಟೆ ಸಿಗುತ್ತದೆ, ಸಾಧಾರಣ ಕಂಪ್ಯೂಟರಿನಲ್ಲೂ ನಡೆಯುತ್ತದೆ. ಫೋಟೊಶಾಪ್ ಇದ್ದವರಿಗೂ ದಾರಿ ಇದೇ, ಮೆನು ಹೆಸರು ಸ್ವಲ್ಪ ಬೇರೆ ಇರುತ್ತದೆ ಅಷ್ಟೇ.

ದೋಷದ ಮೂಲ ಹಿಡಿಯುವುದು

ಫೋಟೊವನ್ನು ನೇರವಾಗಿಟ್ಟು ಒಮ್ಮೆ ಸ್ಕ್ಯಾನ್ ಮಾಡಿ. ಆಮೇಲೆ ತಲೆಕೆಳಗಾಗಿ ತಿರುಗಿಸಿಟ್ಟು ಇನ್ನೊಮ್ಮೆ ಮಾಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಲೆಯೋ ಚುಕ್ಕಿಯೋ ಫೋಟೊದ ಜೊತೆಗೇ ತಿರುಗಿದ್ದರೆ ಅದು ಕಾಗದದ್ದು. ಫೋಟೊ ತಿರುಗಿದರೂ ಚುಕ್ಕಿ ಮಾತ್ರ ಮೊದಲಿನ ಜಾಗದಲ್ಲೇ ಇದ್ದರೆ ಅದು ಸ್ಕ್ಯಾನರ್ ಗಾಜಿನ ಮೇಲಿನ ಧೂಳು. ಎರಡು ಸ್ಕ್ಯಾನ್‌ನಲ್ಲಿ ಅದರ ರೂಪವೇ ಬದಲಾಗಿದ್ದರೆ ಅದು ಬೆಳಕು ಬಿದ್ದ ಕೋನದಿಂದ ಹುಟ್ಟಿದ್ದು. ಸ್ಕ್ಯಾನರಿನ ದೀಪ ಸಾಮಾನ್ಯವಾಗಿ ಒಂದೇ ಕಡೆಯಿಂದ ಬೆಳಕು ಚೆಲ್ಲುತ್ತದೆ. ಹಾಗಾಗಿ ಮಡಿಕೆ, ಉಬ್ಬು, ಒರಟು ಕಾಗದ ಇದ್ದರೆ ಅದರ ನೆರಳೂ ಫೈಲಿನೊಳಗೆ ಬಂದು ಕೂರುತ್ತದೆ.

ಚಿತ್ರದ ಮೇಲಿಂದ ಕೆಳಗಿನವರೆಗೆ ಒಂದೇ ನೇರ ಗೆರೆ ಹರಿದಿದ್ದರೆ ಫೋಟೊ ಗೀಚಿದೆ ಅಂದುಕೊಳ್ಳಬೇಡಿ. ಸ್ಕ್ಯಾನರಿನೊಳಗೆ ಓಡಾಡುವ ಭಾಗದ ದಾರಿಯಲ್ಲಿ ಎಲ್ಲೋ ಒಂದು ಧೂಳಿನ ಕಣ ಕೂತಿದ್ದರೆ ಹಾಗಾಗುತ್ತದೆ. ಫೋಟೊ ಇಡದೆ ಒಂದು ಬಿಳಿ ಹಾಳೆ ಸ್ಕ್ಯಾನ್ ಮಾಡಿ. ಗೆರೆ ಅಲ್ಲೂ ಬಂದರೆ ಅನುಮಾನ ಮುಗಿಯಿತು.

ಕಾಗದದಲ್ಲಿ ನಿಜವಾಗಿ ಏನಿದೆ ಅಂತ ನೋಡಲು ಕಿಟಕಿ ಬೆಳಕೂ ಒಂದು ಭೂತಗನ್ನಡಿಯೂ ಸಾಕು. ಫೋಟೊವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮೇಲ್ಮೈಯ ಗೀರು, ಬೂಷ್ಟು, ಎದ್ದ ಪದರ ಎಲ್ಲ ಕಾಣುತ್ತದೆ. ಮೂರನೆಯದನ್ನು, ಅಂದರೆ ನಮ್ಮ ಕೈಯಿಂದಾದ ದೋಷವನ್ನು ಹಿಡಿಯುವುದು ಇನ್ನೂ ಸುಲಭ. ಕೆಲಸವನ್ನು ಮೂಲ ಚಿತ್ರದ ನಕಲು ಲೇಯರಿನ ಮೇಲೆ ಮಾಡಿ (ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಹಾಳೆಯಂಥ ಪದರ). ಪಟ್ಟಿಯಲ್ಲಿ ಆ ಲೇಯರಿನ ಕಣ್ಣಿನ ಗುರುತು ಒತ್ತಿ ಮರೆಮಾಡಿ. ದೋಷ ಹೋಯಿತಾ? ಹಾಗಾದರೆ ಅದು ನಿಮ್ಮ ಬ್ರಷ್‌ದು.

ಫೋಟೊ ಗಾಜಿಗೆ ಅಂಟಿಕೊಂಡಿದೆ

ನಮ್ಮ ಕಡೆ ಜಾಸ್ತಿ ಕಾಣುವ ತೊಂದರೆ ಇದು. ಹಳೇ ಫ್ರೇಮಿನಲ್ಲಿ ಫೋಟೊವನ್ನು ಗಾಜಿಗೆ ತಾಗಿಸಿಯೇ ಕಟ್ಟಿರುತ್ತಾರೆ. ಮಳೆಗಾಲದಲ್ಲಿ ಜೆಲಾಟಿನ್ ಮೆತ್ತಗಾಗಿ ಗಾಜಿಗೆ ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಹಾಗೇ ಒಣಗಿ ಗಟ್ಟಿಯಾಗುತ್ತದೆ. ಎಳೆಯಬೇಡಿ. ಬ್ಲೇಡ್ ತೂರಿಸಬೇಡಿ, ಬಿಸಿ ಮಾಡಬೇಡಿ, ನೀರಿನಲ್ಲಿ ನೆನೆಸಬೇಡಿ. ಎಳೆದರೆ ಚಿತ್ರ ಗಾಜಿನ ಮೇಲೆ ಉಳಿದು ಬರೀ ಕಾಗದ ಕೈಗೆ ಬರುತ್ತದೆ. ಬೂಷ್ಟು ತಿಂದ ಜೆಲಾಟಿನ್ ಅಂತೂ ಒದ್ದೆ ಬಟ್ಟೆ ತಾಗಿದರೂ ಕರಗಿ ಬರಬಹುದು. ಅದಕ್ಕೇ ಬೂಷ್ಟು ಹಿಡಿದ ಫೋಟೊವನ್ನು ಯಾವತ್ತೂ ಒದ್ದೆ ಬಟ್ಟೆಯಲ್ಲಿ ಒರೆಸಬಾರದು. ಮೊದಲು ಗಾಳಿಯಾಡುವ, ಬಿಸಿಲು ಬೀಳದ ಜಾಗದಲ್ಲಿ ಒಣಗಲು ಬಿಡಿ. ಅಂಟದೆ ಬಿಡಿಯಾಗಿರುವ ಧೂಳನ್ನು ಮೆತ್ತನೆ ಒಣ ಬ್ರಷ್ಷಿನಿಂದ ಮನೆಯ ಹೊರಗೆ ಕೂತು ತೆಗೆಯಿರಿ. ಮುಖಕ್ಕೆ ಮಾಸ್ಕ್ ಇರಲಿ, ಬೂಷ್ಟಿನ ಪುಡಿ ಉಸಿರಿಗೆ ಒಳ್ಳೆಯದಲ್ಲ.

ಅಂಟಿದ ಫೋಟೊವನ್ನು ಗಾಜಿನ ಸಮೇತವೇ ಪ್ರತಿ ತೆಗೆಯಿರಿ. ಗಾಜಿನ ಹೊರಮೈಗೆ ಒಲೆಯ ಹೊಗೆಯ ಜಿಡ್ಡು, ಪೂಜೆಯ ಗಂಧ, ಕುಂಕುಮ ಹಿಡಿದಿರುತ್ತದೆ. ಸ್ವಲ್ಪ ತೇವ ಮಾಡಿದ ಬಟ್ಟೆಯಿಂದ ಅದನ್ನು ಒರೆಸಿ. ನೇರ ಗಾಜಿನ ಮೇಲೆ ನೀರು ಸಿಂಪಡಿಸಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ. ಆಮೇಲೆ ಸ್ಕ್ಯಾನರಿಗಿಂತ ಮೊಬೈಲೋ ಕ್ಯಾಮೆರಾವೋ ವಾಸಿ. ಮೋಡ ಕವಿದ ದಿನ ಜಗಲಿಯ ಬೆಳಕು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಎಲ್ಲ ಕಡೆಯಿಂದಲೂ ಸಮನಾಗಿ ಬರುತ್ತದೆ, ನೆರಳು ಬೀಳುವುದಿಲ್ಲ. ಫ್ಲ್ಯಾಶ್ ಬೇಡವೇ ಬೇಡ.

ತೆಗೆದ ಚಿತ್ರದಲ್ಲಿ ನಿಮ್ಮ ಕೈಯೋ ಮಾಡಿನ ಹೆಂಚೋ ಕಾಣುತ್ತಿದ್ದರೆ ಅದು ಗಾಜಿನ ಪ್ರತಿಬಿಂಬ. ಎಡಿಟ್ ಮಾಡಿ ತೆಗೆಯಲು ಹೋಗದೆ ಮತ್ತೆ ಫೋಟೊ ತೆಗೆಯಿರಿ. ಒಂದು ಕರಿ ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ, ಅದರ ಹಿಂದೆ ಮೊಬೈಲ್ ಹಿಡಿದು ತೆಗೆದರೆ ಗಾಜಿನಲ್ಲಿ ಕರಿ ಬಟ್ಟೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಚೌಕಟ್ಟು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು ಆಗಿದ್ದರೆ ಮೊಬೈಲ್ ಓರೆಯಾಗಿತ್ತು ಅಂತ ಅರ್ಥ. ಸ್ವಲ್ಪ ಇದ್ದರೆ ಪರ್ಸ್ಪೆಕ್ಟಿವ್ ಟೂಲ್ ಸರಿಮಾಡುತ್ತದೆ. ಜಾಸ್ತಿ ಇದ್ದರೆ ಮುಖದ ಆಕಾರವೇ ಬದಲಾಗಿರುತ್ತದೆ, ಅದಕ್ಕೂ ಮತ್ತೆ ತೆಗೆಯುವುದೇ ದಾರಿ. ಒಂದೆರಡು ಹೆಜ್ಜೆ ಹಿಂದೆ ನಿಂತು ಜೂಮ್ ಮಾಡಿ ತೆಗೆದರೆ ಈ ತೊಂದರೆ ಕಡಿಮೆ.

ದೊಡ್ಡದು ಮಾಡಿದರೆ ಚಿತ್ರ ಒಡೆಯುತ್ತದೆ

ಕಾರಣ ಬಹಳ ಸಲ ವಾಟ್ಸಾಪ್. ಬೆಂಗಳೂರಿನಲ್ಲಿರುವ ಅಣ್ಣನೋ ಅತ್ತಿಗೆಯೋ ಕಳಿಸಿದ ಫೋಟೊ ದಾರಿಯಲ್ಲಿ ಕುಗ್ಗಿ ಬಂದಿರುತ್ತದೆ. ಅಂಚುಗಳ ಸುತ್ತ ಚೌಕ ಚೌಕ ಕಲೆ ಕಂಡರೆ ಅದೇ. ಡಾಕ್ಯುಮೆಂಟ್ ಅಂತ ಕಳಿಸಲು ಹೇಳಿ, ಫೈಲ್ ಇದ್ದ ಹಾಗೇ ಬರುತ್ತದೆ.

ನೀವೇ ಸ್ಕ್ಯಾನ್ ಮಾಡುವುದಾದರೆ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಡಿ. 4x6 ಇಂಚಿನ ಫೋಟೊ ಆಗ 2400x3600 ಪಿಕ್ಸೆಲ್ ಆಗುತ್ತದೆ. 300ರಲ್ಲಿ ಪ್ರಿಂಟ್ ಹಾಕಿಸಿದರೆ ಮೂಲಕ್ಕಿಂತ ಎರಡು ಪಟ್ಟು, ಅಂದರೆ 8x12 ಇಂಚಿನವರೆಗೆ ಚೆನ್ನಾಗಿ ಬರುತ್ತದೆ. ಪಾಸ್‌ಪೋರ್ಟ್ ಅಳತೆಯ ಚಿಕ್ಕ ಫೋಟೊಗೆ 1200 ಇಡಬಹುದು. ಅದಕ್ಕಿಂತ ಮೇಲೆ ಹೋದರೆ ಫೈಲ್ ದಪ್ಪ ಆಗುತ್ತದೆಯೇ ಹೊರತು ಕಾಗದದಲ್ಲಿ ಇಲ್ಲದ ವಿವರ ಬರುವುದಿಲ್ಲ.

ಸ್ಕ್ಯಾನರ್ ತಾನಾಗಿಯೇ ಮಾಡುವ ಬಣ್ಣ ಸುಧಾರಣೆ, ಶಾರ್ಪ್ ಮಾಡುವುದು, ಧೂಳು ತೆಗೆಯುವುದು ಎಲ್ಲ ಆಫ್ ಮಾಡಿ. ಕಪ್ಪುಬಿಳುಪು ಫೋಟೊ ಆದರೂ ಕಲರ್‌ನಲ್ಲೇ ಸ್ಕ್ಯಾನ್ ಮಾಡಿ, ಯಾಕೆ ಅಂತ ಕೆಳಗೆ ಹೇಳುತ್ತೇನೆ. ಗುಣಮಟ್ಟ ಕುಗ್ಗಿಸದ ಟಿಫ್ ಫೈಲಾಗಿ ಉಳಿಸಿ. ಫೋಟೊದ ಬೆನ್ನನ್ನೂ ಒಮ್ಮೆ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಸ್ಟುಡಿಯೋ ಸೀಲು, ಯಾರೋ ಬರೆದ ಹೆಸರು, ಮದುವೆಯ ತಾರೀಕು ಅಲ್ಲಿರುತ್ತದೆ. ಮುಖಗಳನ್ನು ಗುರುತಿಸುವ ಹಿರಿಯರು ಇಲ್ಲವಾದ ಮೇಲೆ ಬೆನ್ನಿನ ಬರಹವೇ ಆಧಾರ.

ಚಿತ್ರದ ತುಂಬ ಜೇನುಗೂಡಿನಂಥ ಚುಕ್ಕಿ

1970–80ರ ದಶಕದ ಎಷ್ಟೋ ಕಲರ್ ಪ್ರಿಂಟ್‌ಗಳ ಮೇಲ್ಮೈ ರೇಷ್ಮೆಯಂತೆ ಉಬ್ಬುಚುಕ್ಕಿಗಳಿಂದ ಕೂಡಿರುತ್ತದೆ. ಸ್ಕ್ಯಾನರಿನ ಬೆಳಕು ಪ್ರತಿ ಉಬ್ಬಿನ ಒಂದು ಬದಿಗೆ ಹೊಳೆದು ಈ ವಿನ್ಯಾಸ ಮೂಡುತ್ತದೆ. ಬ್ಲರ್ ಮಾಡಿದರೆ ಚುಕ್ಕಿಯ ಜೊತೆ ಕಣ್ಣೂ ಮಂಕಾಗುತ್ತದೆ. ಮೊದಲು ಹೇಳಿದ ನೇರ–ತಲೆಕೆಳಗು ಸ್ಕ್ಯಾನ್ ಇಲ್ಲಿ ಮದ್ದಾಗುತ್ತದೆ. ಎರಡನೆಯದನ್ನು ನೇರಕ್ಕೆ ತಿರುಗಿಸಿ, ಮೊದಲನೆಯದರ ಮೇಲೆ ಲೇಯರಾಗಿ ಕೂರಿಸಿ. ಒಂದು ಕಣ್ಣಿನ ಮೂಲೆಯನ್ನು ಗುರುತಿಟ್ಟುಕೊಂಡು ಸರಿಯಾಗಿ ಹೊಂದಿಸಿ. ಮೇಲಿನ ಲೇಯರಿನ ಒಪಾಸಿಟಿ, ಅಂದರೆ ಅದು ಕೆಳಗಿನದನ್ನು ಮರೆಮಾಡುವ ಪ್ರಮಾಣ, 50 ಮಾಡಿ. ಹೊಳಪು ಎರಡು ಬದಿಗೂ ಹಂಚಿಹೋಗಿ ವಿನ್ಯಾಸ ಬಹಳ ಮಟ್ಟಿಗೆ ಅಡಗುತ್ತದೆ.

ಸಂಚಿಕೆಯಿಂದಲೋ ಪತ್ರಿಕೆಯಿಂದಲೋ ಕತ್ತರಿಸಿದ ಚಿತ್ರದ ಚುಕ್ಕಿ ಬೇರೆ ಜಾತಿಯದು. ಅದು ಮುದ್ರಣದ ಶಾಯಿ ಚುಕ್ಕಿ. ಅದಕ್ಕೆ ಸ್ಕ್ಯಾನರಿನಲ್ಲೇ ಡಿಸ್ಕ್ರೀನ್ ಅನ್ನುವ ಆಯ್ಕೆ ಇದ್ದರೆ ಅದನ್ನು ಹಾಕಿ. ಎಣ್ಣೆ ನೀರಿನ ಮೇಲೆ ತೇಲಿದ ಹಾಗೆ ಕಾಮನಬಿಲ್ಲಿನ ಉಂಗುರಗಳು ಕಂಡರೆ ನುಣುಪು ಫೋಟೊ ಸ್ಕ್ಯಾನರ್ ಗಾಜಿಗೆ ತೀರಾ ಒತ್ತಿಕೊಂಡಿದೆ ಅಂತ. ಅಂಚಿಗೆ ತೆಳು ಕಾಗದದ ಪಟ್ಟಿ ಕೊಟ್ಟು ಸ್ವಲ್ಪ ಎತ್ತಿದರೆ ಹೋಗುತ್ತದೆ.

ಕಪ್ಪುಬಿಳುಪು ಫೋಟೊದ ಮೇಲೆ ಹಳದಿ, ಕಂದು ಕಲೆ

ಈ ಭಾಗ ಮಾತ್ರ ನಿಧಾನವಾಗಿ ಓದಿ. ಕಲೆಯನ್ನು ಸಾಫ್ಟ್‌ವೇರಿನ ಬ್ರಷ್ಷಿನಿಂದ ಉಜ್ಜಲು ಹೋಗುವವರೇ ಜಾಸ್ತಿ. ದೊಡ್ಡ ಕಲೆಯನ್ನು ಬ್ರಷ್ಷಿನಿಂದ ತೆಗೆದರೆ ಅದರಡಿಯ ಚಿತ್ರವೂ ಹೋಗುತ್ತದೆ. ನಿಜವಾಗಿ ಅಲ್ಲಿ ಚಿತ್ರ ಇದ್ದೇ ಇದೆ, ಅದರ ಮೇಲೊಂದು ಬಣ್ಣದ ಪರದೆ ಬಿದ್ದಿದೆ ಅಷ್ಟೇ. ಪರದೆಯನ್ನು ಸರಿಸಲು ಚಾನೆಲ್ ಸಾಕು.

ಕಲರ್ ಸ್ಕ್ಯಾನ್ ಅಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಕಪ್ಪುಬಿಳುಪು ಚಿತ್ರಗಳ ಕೂಡಿಕೆ. ಹಳದಿ ಕಲೆ ನೀಲಿ ಬೆಳಕನ್ನು ನುಂಗುತ್ತದೆ, ಕೆಂಪನ್ನು ಹಾಗೇ ಬಿಡುತ್ತದೆ. ಆದ್ದರಿಂದ ನೀಲಿ ಚಾನೆಲ್‌ನಲ್ಲಿ ಕಲೆ ಕರ್ರಗೆ ಕಾಣುತ್ತದೆ, ಕೆಂಪು ಚಾನೆಲ್‌ನಲ್ಲಿ ಇದ್ದೂ ಇಲ್ಲದ ಹಾಗಿರುತ್ತದೆ. ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಒಳಗೆ ಡಿಕಂಪೋಸ್ ಇದೆ. ಆರ್‌ಜಿಬಿ ಆರಿಸಿ ಒತ್ತಿದರೆ ಮೂರೂ ಚಾನೆಲ್ ಬೇರೆ ಬೇರೆ ಲೇಯರಾಗಿ ಬರುತ್ತವೆ. ಒಂದೊಂದನ್ನೇ ಮರೆಮಾಡಿ ನೋಡಿ. ಮಳೆನೀರಿನ ಕಂದು ಕಲೆ, ಕಾಫಿ ಕಲೆ, ಹೊಗೆಯ ಹಳದಿ, ಎಲ್ಲಕ್ಕೂ ಕೆಂಪು ಚಾನೆಲ್ ಒಳ್ಳೆಯದು. ಫೋಟೊಗೇ ಹತ್ತಿದ ಕುಂಕುಮವೂ ಅಲ್ಲಿ ಬಿಳಿಯಾಗಿ ಬಹುಪಾಲು ಮಾಯವಾಗುತ್ತದೆ. ನೀಲಿ ಶಾಯಿ ಚೆಲ್ಲಿದ್ದರೆ ಉಲ್ಟಾ, ನೀಲಿ ಚಾನೆಲ್ ನೋಡಬೇಕು. ಸುಮ್ನೆ ಗ್ರೇಸ್ಕೇಲ್ ಮಾಡಿದರೆ ಮೂರೂ ಚಾನೆಲ್ ಬೆರೆತು ಕಲೆ ಬೂದು ಬಣ್ಣದಲ್ಲಿ ಒಳಗೇ ಉಳಿದುಬಿಡುತ್ತದೆ. ಕಲರ್‌ನಲ್ಲೇ ಸ್ಕ್ಯಾನ್ ಮಾಡಿ ಅಂದಿದ್ದು ಇದಕ್ಕೇ.

ಚಾನೆಲ್ ಬದಲಿಸಿದ ಮೇಲೂ ಕಲೆಯ ಅಂಚಿನ ಗಾಢ ಗೆರೆ ಉಳಿಯಬಹುದು. ನೀರು ಒಣಗುತ್ತಾ ಕೊಳೆಯನ್ನೆಲ್ಲ ಅಂಚಿಗೆ ತಳ್ಳಿ ಬಿಟ್ಟುಹೋದ ಗುರುತು ಅದು. ಫ್ರೀ ಸೆಲೆಕ್ಟ್‌ನಿಂದ ಆ ಪಟ್ಟಿಯನ್ನು ಸುತ್ತುವರಿದು, ಅಂಚನ್ನು ಫೆದರ್ ಮಾಡಿ (ಮೆತ್ತಗೆ ಕರಗಿಸಿ), ಕರ್ವ್ಸ್‌ನಲ್ಲಿ ಸುತ್ತಲಿನಷ್ಟೇ ತಿಳಿಯಾಗುವ ತನಕ ಬೆಳಕಿನ ಗೆರೆಯನ್ನು ಎತ್ತಿ. ಉಳಿದ ಚೂರಿಗೆ ಮಾತ್ರ ಬ್ರಷ್ ಸಾಕು.

ಇಲ್ಲೊಂದು ಎಚ್ಚರಿಕೆ ಇದೆ. ಎಲ್ಲ ಬಣ್ಣವೂ ಕಲೆಯಲ್ಲ. ಹಿಂದೆ ಸ್ಟುಡಿಯೋಗಳಲ್ಲಿ ಕಪ್ಪುಬಿಳುಪು ಫೋಟೊಗೆ ಕೈಯಿಂದ ಬಣ್ಣ ಹಾಕುತ್ತಿದ್ದರು. ಕೆನ್ನೆಗೆ ತಿಳಿ ಗುಲಾಬಿ, ಹಣೆಗೆ ಕುಂಕುಮದ ಕೆಂಪು, ಸೀರೆ ಅಂಚಿಗೆ ಹಳದಿ. ಕೆಂಪು ಚಾನೆಲ್ ಮಾತ್ರ ಇಟ್ಟುಕೊಂಡರೆ ಯಾರೋ ಕಲಾವಿದರ ಆ ಕೈಕೆಲಸ ಅಳಿಸಿಹೋಗುತ್ತದೆ. ಭೂತಗನ್ನಡಿಯಲ್ಲಿ ನೋಡಿ. ಬಣ್ಣ ಮುಖದ, ಬಟ್ಟೆಯ ಗಡಿಯೊಳಗೇ ನಿಂತಿದ್ದರೆ ಅದು ಬೇಕೆಂದೇ ಹಾಕಿದ್ದು. ಇಡೀ ಫೋಟೊ ಒಂದೇ ಹದದ ಕಂದಾಗಿದ್ದು ಕಪ್ಪು ಜಾಗಗಳೂ ಚಂದದ ಕಂದಾಗಿದ್ದರೆ ಸ್ಟುಡಿಯೋದಲ್ಲೇ ಬೇಕೆಂದು ಕಂದು ಬಣ್ಣ ಕೊಡುವ ಸೆಪಿಯಾ ಟೋನಿಂಗ್ ಮಾಡಿದ್ದಿರಬಹುದು. ಅದನ್ನೂ ಹಾಗೇ ಬಿಡಿ. ಬಿಳಿ ಜಾಗ ಮಾತ್ರ ಎಲ್ಲೆಂದರಲ್ಲಿ ಹಳದಿಯಾಗಿದ್ದರೆ ಅದು ಕಾಲ ಮಾಡಿದ್ದು.

ಅಂಚಿನ ಕಪ್ಪು ಭಾಗದಲ್ಲಿ ನೀಲಿ ಛಾಯೆಯ ಲೋಹದ ಹೊಳಪು ಕಂಡರೆ ಅದು ಚಿತ್ರದೊಳಗಿನ ಬೆಳ್ಳಿ. ಕಪ್ಪುಬಿಳುಪು ಫೋಟೊದಲ್ಲಿ ಕಪ್ಪು ಅಂದರೆ ಬೆಳ್ಳಿಯ ಸಣ್ಣ ಕಣಗಳು. ತೇವಕ್ಕೆ, ಗಾಳಿಯ ಕೊಳೆಗೆ ಅವು ಮೇಲ್ಮೈಗೆ ಬಂದು ಕೂರುತ್ತವೆ. ಉಜ್ಜಿದರೆ ಚಿತ್ರವೇ ಹೋಗುತ್ತದೆ. ಇದಕ್ಕೂ ಕೆಂಪು ಚಾನೆಲ್ ಸ್ವಲ್ಪ ಪರಿಹಾರ. ಉಳಿದದ್ದನ್ನು ಆ ಭಾಗಕ್ಕಷ್ಟೇ ಕರ್ವ್ಸ್ ಹಾಕಿ ಗಾಢ ಮಾಡಬಹುದು.

ಕಲರ್ ಫೋಟೊ ಪೂರ್ತಿ ಕೆಂಪಾಗಿದೆ

ಕಲರ್ ಪ್ರಿಂಟ್‌ನಲ್ಲಿ ಸಯಾನ್ (ಹಸಿರುನೀಲಿ), ಮಜೆಂಟಾ (ಕಡುಗುಲಾಬಿ), ಹಳದಿ ಎಂಬ ಮೂರು ಬಣ್ಣದ ಪದರ ಇರುತ್ತದೆ. 1970–80ರ ದಶಕದ ಪ್ರಿಂಟ್‌ಗಳನ್ನು ಕತ್ತಲೆಯ ಆಲ್ಬಮ್‌ನಲ್ಲಿ ಇಟ್ಟರೂ ಸಯಾನ್ ಮೊದಲು ಮಾಸುತ್ತದೆ. ಸಯಾನ್ ಹೋದರೆ ಉಳಿಯುವುದು ಕೆಂಪು. ಅಂದರೆ ಇಲ್ಲಿ ಕೆಂಪು ಹೆಚ್ಚಾಗಿಲ್ಲ, ಸಯಾನ್ ಕಮ್ಮಿಯಾಗಿದೆ. ರೋಗ ಹೀಗೆ ಗೊತ್ತಾದರೆ ಮದ್ದೂ ಸಿಗುತ್ತದೆ.

ಕಲರ್ಸ್ ಮೆನುವಿನ ಲೆವೆಲ್ಸ್ ತೆರೆದು ಚಾನೆಲ್ ಜಾಗದಲ್ಲಿ ಕೆಂಪು ಆರಿಸಿ. ಹಿಸ್ಟೋಗ್ರಾಮ್ ಎಂಬ ಬೆಳಕಿನ ನಕ್ಷೆಯ ರಾಶಿ ಬಲಕ್ಕೆ ಒತ್ತಿಕೊಂಡು ಎಡಗಡೆ ಖಾಲಿ ಇರುತ್ತದೆ. ಎಡತುದಿಯ ಕಪ್ಪು ಸ್ಲೈಡರನ್ನು ರಾಶಿ ಶುರುವಾಗುವ ಜಾಗಕ್ಕೆ ತನ್ನಿ. ಹಸಿರು, ನೀಲಿ ಚಾನೆಲ್‌ಗಳಿಗೂ ಎರಡೂ ತುದಿ ನೋಡಿ ಹಾಗೇ ಮಾಡಿ. ಆಮೇಲೆ ನಡುವಿನ ಸ್ಲೈಡರಿನಿಂದ ಸ್ವಲ್ಪ ಸ್ವಲ್ಪ ತಿದ್ದಿ. ಕಣ್ಣಿಗೆ ಆಧಾರವಾಗಿ ಚಿತ್ರದಲ್ಲಿ ಬಣ್ಣವಿಲ್ಲದ ವಸ್ತು ಹುಡುಕಿ: ಬಿಳಿ ಪಂಚೆ, ಸುಣ್ಣ ಬಳಿದ ಗೋಡೆ, ಕಪ್ಪು ಕೂದಲು. ಅವು ಸರಿ ಕಂಡರೆ ಮುಖವೂ ಹೆಚ್ಚುಕಮ್ಮಿ ಸರಿಯಾಗಿರುತ್ತದೆ. ನೆರಳುಗಳು ಹಸಿರುನೀಲಿಗೆ ತಿರುಗಿದರೆ ಕೆಂಪಿನ ಸ್ಲೈಡರ್ ಜಾಸ್ತಿ ಎಳೆದಿದ್ದೀರಿ, ಹಿಂದಕ್ಕೆ ತನ್ನಿ. ಹಿಂದಿನ ಅಡಿಕೆ ತೋಟದ ಹಸಿರು ಮಾತ್ರ ಪೂರ್ತಿ ವಾಪಸ್ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಬಣ್ಣ ಸಂಪೂರ್ಣ ಹೋದ ಕಡೆ ಎಳೆದು ತರಲು ಏನೂ ಉಳಿದಿರುವುದಿಲ್ಲ.

ಲೆವೆಲ್ಸ್‌ನಲ್ಲಿ ತಾನಾಗಿ ತಿದ್ದುವ ಆಟೊ ಒತ್ತಿದರೂ ಏನೂ ಬದಲಾಗುವುದಿಲ್ಲ ಎನ್ನುವವರ ಸ್ಕ್ಯಾನ್ ನೋಡಿದರೆ ಸುತ್ತ ಸ್ಕ್ಯಾನರ್ ಮುಚ್ಚಳದ ಬಿಳಿಯೋ ಫ್ರೇಮಿನ ಕಪ್ಪೋ ಇರುತ್ತದೆ. ಕಪ್ಪೂ ಬಿಳಿಯೂ ಆಗಲೇ ಇದೆ ಅಂದುಕೊಂಡು ಸಾಫ್ಟ್‌ವೇರ್ ಸುಮ್ಮನಾಗುತ್ತದೆ. ಮೊದಲು ಕ್ರಾಪ್ ಮಾಡಿ. ತೀರಾ ಮಾಸಿದ ಫೋಟೊವನ್ನು ಎಳೆದಾಗ ಗೋಡೆ, ಆಕಾಶದಲ್ಲಿ ಮೆಟ್ಟಿಲಿನಂಥ ಪಟ್ಟಿ ಮೂಡಿದರೆ ಫೈಲಿನಲ್ಲಿ ಛಾಯೆಗಳು ಸಾಲದು ಅಂತ ಅರ್ಥ. 48 ಬಿಟ್ ಕಲರ್‌ನಲ್ಲಿ (ಚಾನೆಲ್‌ಗೆ 16 ಬಿಟ್) ಮತ್ತೆ ಸ್ಕ್ಯಾನ್ ಮಾಡಿ, ಜಿಂಪ್‌ನಲ್ಲಿ ಇಮೇಜ್ ಮೆನುವಿನ ಪ್ರಿಸಿಷನ್ 16 ಬಿಟ್ ಇದೆಯಾ ನೋಡಿ.

ಬಿರುಕು ತೆಗೆದ ಜಾಗ ಕೊಳಕಾಗಿ ಕಾಣುತ್ತದೆ

ಬಣ್ಣ, ಕಲೆಯ ಕೆಲಸ ಮುಗಿದ ಮೇಲೆ ಬ್ರಷ್ ಹಿಡಿಯಿರಿ. ಮೊದಲೇ ಹಿಡಿದರೆ, ಆಮೇಲೆ ಲೆವೆಲ್ಸ್ ಎಳೆದಾಗ ತೇಪೆ ಹಾಕಿದ ಜಾಗಗಳೆಲ್ಲ ಎದ್ದು ಕಾಣುತ್ತವೆ.

ಹೀಲ್ ಮತ್ತು ಕ್ಲೋನ್ ಎಂಬ ಎರಡು ಟೂಲಿಗೂ ಕಂಟ್ರೋಲ್ ಕೀ ಹಿಡಿದು ಒಳ್ಳೇ ಜಾಗದ ಮೇಲೆ ಕ್ಲಿಕ್ ಮಾಡಬೇಕು, ಆಮೇಲೆ ಹಾಳಾದ ಜಾಗದ ಮೇಲೆ ಬಳಿಯಬೇಕು. ಕ್ಲೋನ್ ಒಂದು ಜಾಗವನ್ನು ಹಾಗೇ ತಂದು ಅಂಟಿಸುತ್ತದೆ. ಹೀಲ್ ತಂದದ್ದನ್ನು ಸುತ್ತಲಿನ ಛಾಯೆಗೆ ಬೆರೆಸುತ್ತದೆ. ಕೆನ್ನೆ, ಗೋಡೆ, ಆಕಾಶಕ್ಕೆ ಹೀಲ್ ಒಳ್ಳೆಯದು. ಬಿಳಿ ಅಂಗಿಯೂ ಕಪ್ಪು ಕೋಟೂ ಸೇರುವ ಗಡಿಯಲ್ಲಿ ಹೀಲ್ ಹಾಕಿದರೆ ಕಪ್ಪು ಬಿಳಿಯೊಳಗೆ ಹರಡಿ ಮಸಿ ಮೆತ್ತಿದ ಹಾಗಾಗುತ್ತದೆ. ನೀವು ನೋಡುತ್ತಿರುವ ಕೊಳಕು ಬಹುಪಾಲು ಇದೇ. ಗಡಿಯ ಮೇಲಿನ ಚೂರನ್ನು ಸಣ್ಣ ಬ್ರಷ್ಷಿನ ಕ್ಲೋನ್‌ನಿಂದ ಮುಚ್ಚಿ. ಕ್ಲಿಕ್ ಮಾಡುವ ಮೂಲ ಜಾಗವೂ ಅದೇ ಗಡಿಯ ಮೇಲೆಯೇ ಇರಲಿ. ಗಡಿ ಕೂಡಿದ ಮೇಲೆ ಎರಡೂ ಕಡೆಯ ಬಿರುಕಿಗೆ ಹೀಲ್ ಬಳಸಿ.

ಒಂದೇ ಮಚ್ಚೆ, ಒಂದೇ ಎಲೆ ಎರಡು ಮೂರು ಕಡೆ ಕಾಣುತ್ತಿದ್ದರೆ ಮೂಲ ಜಾಗ ಬದಲಿಸದೆ ಕ್ಲೋನ್ ಮಾಡಿದ್ದೀರಿ. ಆಗಾಗ ಹೊಸ ಜಾಗ ಆರಿಸಿ. ತೇಪೆ ಹಾಕಿದ ಜಾಗ ನುಣ್ಣಗೆ ಪ್ಲಾಸ್ಟಿಕ್ಕಿನಂತೆ ಕಂಡರೆ ಅಲ್ಲಿ ಫೋಟೊದ ಗ್ರೇನ್, ಅಂದರೆ ಅದರ ಸಹಜ ಕಾಳು, ಸತ್ತಿದೆ. ಬ್ರಷ್ಷನ್ನು ಬಿರುಕಿಗಿಂತ ಸ್ವಲ್ಪವೇ ದಪ್ಪ ಇಟ್ಟು, ಎಳೆಯುವ ಬದಲು ಚುಕ್ಕಿ ಚುಕ್ಕಿಯಾಗಿ ಇಡುತ್ತಾ ಹೋಗಿ. ಆಗಲೇ ನುಣುಪಾಗಿದ್ದರೆ ಆ ಜಾಗವನ್ನಷ್ಟೇ ಆರಿಸಿ, ಫಿಲ್ಟರ್ಸ್ ಮೆನುವಿನ ನಾಯ್ಸ್‌ನಿಂದ ತುಸು ಕಾಳು ಸೇರಿಸಿ. ಹೀಲ್ ಬ್ರಷ್ ಏನೂ ಮಾಡುತ್ತಿಲ್ಲ ಅನಿಸಿದರೆ ಖಾಲಿ ಲೇಯರ್ ಆರಿಸಿಕೊಂಡಿದ್ದೀರಾ ನೋಡಿ. ಜಿಂಪ್‌ನಲ್ಲಿ ಹೀಲ್ ಕೆಲಸಕ್ಕೆ ಮೂಲದ ನಕಲು ಲೇಯರೇ ಸರಿ.

ಚುಕ್ಕಿ ತೆಗೆಯುವ ಭರದಲ್ಲಿ ಅಜ್ಜಿಯ ಮೂಗುಬೊಟ್ಟು ಹೋಗಿಬಿಡುವುದು ಹೊಸಬರ ಕೈಯಲ್ಲಿ ತುಂಬಾ ಸಾಮಾನ್ಯ. ಕಿವಿಯ ವಾಲೆ, ಗಲ್ಲದ ಮಚ್ಚೆ, ಹಣೆಯ ಗಾಯದ ಗುರುತು, ಎಲ್ಲ ಬಿಳಿಯೋ ಕಪ್ಪೋ ಚುಕ್ಕಿಗಳೇ. ಮುಖಕ್ಕೆ ಕೈ ಹಾಕುವ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಒಮ್ಮೆ ಕೇಳಿ. ‘ಅತ್ತೆ, ಇದು ಕಲೆಯಾ, ಮಚ್ಚೆಯಾ?’ ಅಂದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಯಾವ ಸಾಫ್ಟ್‌ವೇರಿಗೂ ಅದು ತಿಳಿಯುವುದಿಲ್ಲ.

ಒರಲೆ ತಿಂದು ಒಂದು ಭಾಗವೇ ಇಲ್ಲದಿದ್ದರೆ, ಇಲ್ಲದ್ದು ಏನು ಅನ್ನುವುದರ ಮೇಲೆ ಕೆಲಸ ನಿಂತಿದೆ. ಅಂಗಿಯ ತೋಳಾದರೆ ಇನ್ನೊಂದು ತೋಳನ್ನು ನಕಲಿಸಿ ತಿರುಗಿಸಿ ಕೂರಿಸಬಹುದು, ಬೆಳಕು ಬಂದ ದಿಕ್ಕು ನೋಡಿಕೊಂಡು. ಹಿಂದಿನ ಪರದೆ, ನೆಲ ಸುಲಭ. ಕಣ್ಣೋ ಬಾಯೋ ಹೋಗಿದ್ದರೆ ಅದೇ ವ್ಯಕ್ತಿಯ, ಹೆಚ್ಚುಕಮ್ಮಿ ಅದೇ ವಯಸ್ಸಿನ ಇನ್ನೊಂದು ಫೋಟೊ ಬೇಕು. ಅದು ಸಿಗದಿದ್ದರೆ ಆ ಜಾಗವನ್ನು ಸುತ್ತಲಿನ ಬೂದು ಛಾಯೆಯಿಂದ ಮುಚ್ಚಿ ಬಿಟ್ಟುಬಿಡಿ.

ಮುಖ ಸ್ಪಷ್ಟವಾಗಿದೆ, ಆದರೆ ನಮ್ಮವರ ಹಾಗಿಲ್ಲ

ಈಗ ಮೊಬೈಲ್ ಆ್ಯಪ್‌ಗಳು ಎಐನಿಂದ ಒಂದೇ ಕ್ಲಿಕ್‌ನಲ್ಲಿ ಮುಖವನ್ನು ಫಳಫಳ ಮಾಡಿಕೊಡುತ್ತವೆ. ಮನೆಯವರಿಗೆ ಖುಷಿಯೂ ಆಗುತ್ತದೆ. ಆಮೇಲೆ ಯಾರೋ ಹತ್ತಿರದಿಂದ ನೋಡಿ ‘ಇದು ಅಪ್ಪಯ್ಯ ಅಲ್ಲ’ ಅನ್ನುತ್ತಾರೆ. ಅವರು ಹೇಳುವುದು ಸರಿ. ಮಸುಕಾದ ಮುಖದಲ್ಲಿ ಇಲ್ಲದ ವಿವರವನ್ನು ಎಐ ಬೇರೆ ಸಾವಿರಾರು ಮುಖಗಳಿಂದ ಕಲಿತ ಅಂದಾಜಿನ ಮೇಲೆ ತುಂಬುತ್ತದೆ. ರೆಪ್ಪೆ, ಹಲ್ಲು, ಕಣ್ಣಿನ ಹೊಳಪು ಎಲ್ಲ ಹೊಸದು. ಸುಕ್ಕು ಹೋಗುತ್ತದೆ, ಕುಂಕುಮ ಕಲೆ ಅಂದುಕೊಂಡು ಅಳಿಸಿದರೂ ಅಳಿಸಿತು.

ಪರೀಕ್ಷೆ ಮಾಡಲು ಎಐ ಚಿತ್ರವನ್ನು ಮೂಲದ ಮೇಲೆ ಲೇಯರಾಗಿ ಕೂರಿಸಿ, ಮೋಡ್ ಜಾಗದಲ್ಲಿ ಡಿಫರೆನ್ಸ್ ಆರಿಸಿ. ಎರಡೂ ಒಂದೇ ಆಗಿರುವ ಜಾಗ ಕಪ್ಪಾಗುತ್ತದೆ, ಬದಲಾದ ಜಾಗ ಬೆಳಗುತ್ತದೆ. ಕಣ್ಣು, ಮೂಗಿನ ಹೊಳ್ಳೆ, ತುಟಿಯ ಅಂಚು ಬೆಳಗುತ್ತಿದ್ದರೆ ಆ ಮುಖವನ್ನು ತಿದ್ದಿಲ್ಲ, ಹೊಸದಾಗಿ ಬರೆದಿದೆ. ಗುಂಪು ಫೋಟೊಗಳಲ್ಲಿ ಇದು ಇನ್ನೂ ಅಪಾಯ. ಶಾಲೆಯ, ಕಾರ್ಖಾನೆಯ, ಯಕ್ಷಗಾನ ಮೇಳದ ಫೋಟೊದಲ್ಲಿ ಒಂದೊಂದು ಮುಖ ಕಡಲೆಕಾಳಿನಷ್ಟು ಇರುತ್ತದೆ. ಎಐ ಅಲ್ಲಿ ಪೂರ್ತಿ ಬೇರೆಯವರನ್ನೇ ಕೂರಿಸುತ್ತದೆ. ಗೋಡೆ, ಬಟ್ಟೆ, ಹಿನ್ನೆಲೆಗೆ ಎಐ ಸಹಾಯ ತಗೊಳ್ಳಿ, ನನಗೇನೂ ಆಕ್ಷೇಪ ಇಲ್ಲ. ಮುಖ ಮಾತ್ರ ಮಸುಕಾಗಿದ್ದರೂ ಮೂಲದ್ದೇ ಇರಲಿ. ಕಪ್ಪುಬಿಳುಪಿಗೆ ಬಣ್ಣ ತುಂಬಿಸಿದರೆ ಆ ಸೀರೆಯ ಬಣ್ಣ ಅಂದಾಜಿನದು ಅಂತ ಫೈಲಿನ ಹೆಸರಿನಲ್ಲೇ ಬರೆದಿಡಿ. ಮುಂದಿನ ತಲೆಮಾರು ಅದನ್ನೇ ನಿಜ ಅಂದುಕೊಳ್ಳಬಾರದು, ಅಲ್ವಾ?

ಸ್ಕ್ರೀನಿನಲ್ಲಿ ಚೆನ್ನಾಗಿದೆ, ಪ್ರಿಂಟ್ ಕರ್ರಗೆ ಬಂತು

ಸ್ಕ್ರೀನಿನ ಬ್ರೈಟ್‌ನೆಸ್ ಜಾಸ್ತಿ ಇಟ್ಟುಕೊಂಡು ಎಡಿಟ್ ಮಾಡಿದರೆ ಹೀಗಾಗುತ್ತದೆ. ಕಣ್ಣಿಗೆ ಬೆಳಕು ಸಾಕು ಅನಿಸಿರುತ್ತದೆ, ಫೈಲ್ ನಿಜಕ್ಕೂ ಗಾಢವಾಗಿರುತ್ತದೆ. ಸ್ಕ್ರೀನಿನ ಪಕ್ಕ ಒಂದು ಬಿಳಿ ಹಾಳೆ ಹಿಡಿದು, ಎರಡೂ ಹೆಚ್ಚುಕಮ್ಮಿ ಒಂದೇ ಬೆಳಕಿನಲ್ಲಿ ಕಾಣುವಷ್ಟು ಬ್ರೈಟ್‌ನೆಸ್ ಇಳಿಸಿ, ಆಮೇಲೆ ಲೆವೆಲ್ಸ್ ತಿದ್ದಿ. ಇನ್ನೊಂದು ಕಾರಣವೂ ಇರಬಹುದು. ಸ್ಟುಡಿಯೋದ ಪ್ರಿಂಟರ್ ತಾನೇ ಬಣ್ಣ, ಕಾಂಟ್ರಾಸ್ಟ್ ತಿದ್ದುತ್ತಿರುತ್ತದೆ. ನೀವು ಹದ ಮಾಡಿದ್ದರ ಮೇಲೆ ಅದು ಇನ್ನೊಮ್ಮೆ ಹದ ಮಾಡುತ್ತದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ ನಿಮ್ಮ ತಾಲ್ಲೂಕಿನ ಪೇಟೆಯಲ್ಲಾಗಲಿ ಪ್ರಿಂಟ್‌ಗೆ ಕೊಡುವಾಗ ‘ಕರೆಕ್ಷನ್ ಹಾಕಬೇಡಿ, ಇದ್ದ ಹಾಗೇ ಪ್ರಿಂಟ್ ಕೊಡಿ’ ಅಂತ ಹೇಳಿ. ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾನದಂಡದಲ್ಲಿ, ಕಡಿಮೆ ಕಂಪ್ರೆಷನ್‌ನ ಜೆಪೆಗ್ ಕೊಡಿ. ಮೊದಲು ಚಿಕ್ಕ ಪ್ರಿಂಟ್ ಒಂದು ತೆಗೆಸಿ, ಹೊರಗಿನ ಬೆಳಕಿನಲ್ಲಿ ನೋಡಿ, ಬೇಕಾದಷ್ಟು ತಿದ್ದಿ, ಆಮೇಲೆ ದೊಡ್ಡದಕ್ಕೆ ಕೊಡಿ.

ಮೂರು ಫೈಲ್ ಉಳಿಸಿಕೊಳ್ಳಿ: ಕೈ ಹಾಕದ ಟಿಫ್ ಸ್ಕ್ಯಾನ್, ಲೇಯರ್ ಸಮೇತ ಜಿಂಪ್‌ನ ಎಕ್ಸ್‌ಸಿಎಫ್, ಪ್ರಿಂಟಿನ ಜೆಪೆಗ್. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಸಂಬಂಧಿಕರ ಹತ್ತಿರ ಇರಲಿ.

ಗೋಡೆಗೆ ಹೊಸ ಪ್ರಿಂಟ್ ಹಾಕಿ. ಮೂಲ ಫೋಟೊವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಆ ಬಿಸಿ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಕಾಗದದ ಲಕೋಟೆಯಲ್ಲಿಟ್ಟು, ಮುಚ್ಚಳ ಗಟ್ಟಿ ಇರುವ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ, ಅಡುಗೆಮನೆಯ ಹೊಗೆಯಿಂದಲೂ ಮಳೆ ಹೊಡೆಯುವ ಗೋಡೆಯಿಂದಲೂ ದೂರ ಇಡಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ನೋಡಿ, ಪೊಟ್ಟಣ ಬದಲಿಸಿ. ಹೊಸ ಪ್ರಿಂಟಿಗೂ ಗಾಜಿಗೂ ನಡುವೆ ರಟ್ಟಿನ ಮೌಂಟ್ ಕೊಡಿಸಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಕಾರ್ಕ್ ಚೂರು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ.